ರಬ್ಬರ್ ಇಟ್ಟಿಗೆಯ ಮನೆ

ಕದಿರಪ್ಪನಿಗೆ ಈ ಹುಚ್ಚು ಹಿಡಿಸಿದ್ದು ಒಬ್ಬ ಇಂಗ್ಲಿಷ್ ದೊರೆ. ಚಿನ್ನದ ಗಣಿ ಸರ್ಕಾರದ ಕೈಗೆ ಹೋದ ವರ್ಷ ಆತ ಗಂಟುಮೂಟೆ ಕಟ್ಟುತ್ತಾ, ತನ್ನ ಮಕ್ಕಳು ಆಡಿ ಬಿಟ್ಟ ಪೆಟ್ಟಿಗೆಯೊಂದನ್ನು ಇವನ ಕೈಗಿಟ್ಟು ಹೋದ. ಪೆಟ್ಟಿಗೆ ತುಂಬ ಕೆಂಪು ರಬ್ಬರಿನ ಪುಟ್ಟ ಇಟ್ಟಿಗೆಗಳು. ಒಂದರ ಬೆನ್ನ ಮೇಲಿನ ಗುಂಡಿ ಇನ್ನೊಂದರ ಹೊಟ್ಟೆಯ ತೂತಿಗೆ ಕಚ್ಚಿಕೊಳ್ಳುತ್ತಿತ್ತು. ಮೀಸೆ ಹೊತ್ತ ಗಂಡಸು, ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸುವವನು, ಶಿಫ್ಟ್ ಮುಗಿಸಿ ಬಂದು ಇಟ್ಟಿಗೆ ಹರಡಿಕೊಂಡು ಕೂರುವುದನ್ನು ಕಂಡು ಉರಿಗಾಂನ ನಮ್ಮ ಕೂಲಿಮನೆಗಳ ಲೈನೆಲ್ಲ ನಕ್ಕಿತು. ಗೋಡೆಯಾಚೆಯ ಮನೆಯವಳು ನಾನು, ಎಲ್ಲರಿಗಿಂತ ಜೋರಾಗಿ ನಕ್ಕೆ.

ದಸರೆಗೆ ಅವನ ಹೆಂಡತಿ ವೆಂಕಟರತ್ನಮ್ಮ ಮಣ್ಣಿನ ಗೊಂಬೆ ಕೂರಿಸುತ್ತಿದ್ದಳು. ಗೊಂಬೆಗಳ ಮುಂದೆ ನೆಲದ ಮೇಲೆ ಇವನದೊಂದು ಕಟ್ಟಡ. ಒಂದು ವರ್ಷ ಬಂಗಾರಪೇಟೆ ಸ್ಟೇಷನ್ನು, ಇನ್ನೊಂದು ವರ್ಷ ಗಣಿಬಾಯಿಯ ಮೇಲಿನ ರಾಟೆಯ ಗೋಪುರ. ಪೆಟ್ಟಿಗೆಯ ಮೇಲಿದ್ದ ಚಿತ್ರ ನೋಡಿ ಕಟ್ಟು ಅಂದರೆ ಅವನಿಗೆ ಸಿಟ್ಟು. ಇನ್ನೊಬ್ಬರ ಮನೆ ನಾನ್ಯಾಕೆ ಕಟ್ಟಲಿ ಅನ್ನುತ್ತಿದ್ದ. ಗೊಂಬೆ ನೋಡಲು ಬಂದವರು ಗೊಂಬೆಗಳನ್ನು ಮರೆತು ಇಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು, ನಾನೂ ಸೇರಿ.

ಆ ವರ್ಷ ಕಟ್ಟಿದ್ದು ಅವರಿಬ್ಬರದೇ ಮನೆ. ಗಣಿ ಬಿಟ್ಟ ಮೇಲೆ ಕ್ಯಾಸಂಬಳ್ಳಿಯ ಅಂಗೈಯಗಲ ಜಾಗದಲ್ಲಿ ಕಟ್ಟಬೇಕೆಂದಿದ್ದ ಮನೆ. ಪಡಸಾಲೆ, ಒಲೆಗೊಂದು ಮೂಲೆ, ಪಕ್ಕದಲ್ಲಿ ಹಸುವಿನ ಕೊಟ್ಟಿಗೆ. ರತ್ನಮ್ಮನಿಗೆ ಎಲ್ಲ ಹಿಡಿಸಿತು, ಬಾಗಿಲೊಂದನ್ನು ಬಿಟ್ಟು. ಇಷ್ಟು ಕಿರಿದಾದ ಬಾಗಿಲಲ್ಲಿ ರಾಗಿ ಮೂಟೆ ಹೊತ್ತು ಹೇಗೆ ಬರುತ್ತೀರಿ ಎಂದು ಕೆಣಕಿದಳು. ಅವನು ಶಿಫ್ಟಿಗೆ ಹೊರಟು ನಿಂತಿದ್ದ.

"ಸಂಜೆ ಬಂದು ದೊಡ್ಡದು ಮಾಡ್ತೀನಿ. ನೀನು ಕೈ ಇಕ್ಬ್ಯಾಡ. ನಡುವೆ ಕಿತ್ರೆ ಗುಂಡಿ ಹರೀತದೆ, ಮೇಲಿಂದಾನೇ ಬಿಚ್ಕೊಂಡು ಬರ್ಬೇಕು."

ಮಧ್ಯಾಹ್ನ ನೆಲ ನಡುಗಿತು. ಗಣಿಯೊಳಗೆ ಬಂಡೆ ಸಿಡಿದರೆ ನಮ್ಮ ಲೈನಿನ ಹೆಂಗಸರು ಒಲೆಯ ಮುಂದೆ ಕೂತೇ ಅಳೆಯುತ್ತೇವೆ. ಪಾತ್ರೆ ಗಲಗಲ ಅಂದರೆ ದೂರ, ಹಲಗೆಯಿಂದ ಬಿದ್ದರೆ ಹತ್ತಿರ. ಅವತ್ತು ನನ್ನ ಪಾತ್ರೆಗಳೆಲ್ಲ ಬಿದ್ದವು. ಪಕ್ಕದ ಮನೆಗೆ ಓಡಿದೆ. ರತ್ನಮ್ಮನ ಗೊಂಬೆಗಳು ಉರುಳಿ ಚೂರಾಗಿದ್ದವು. ಇಟ್ಟಿಗೆಯ ಮನೆ ಮಾತ್ರ ಕದಲಿರಲಿಲ್ಲ.

"ನೋಡಕ್ಕಾ, ಮನೆ ನಿಂತದೆ. ಅವ್ರಿಗೇನೂ ಆಗಿಲ್ಲ" ಅಂದಳು.

ರಬ್ಬರು ಕಣೇ, ರಬ್ಬರು ಎಲ್ಲಾದರೂ ಬೀಳುತ್ತದೆಯೇ? ನಾಲಿಗೆಗೆ ಬಂದದ್ದನ್ನು ನುಂಗಿದೆ. ಸೈರನ್ ಕೂಗಿ ಲೈನಿನ ಹೆಂಗಸರೆಲ್ಲ ಗಣಿಬಾಯಿಗೆ ಓಡಿದರೂ ಅವಳು ಹೊರಡಲಿಲ್ಲ. ಚೂರು ಗುಡಿಸಿದಳು, ದೀಪ ಹಚ್ಚಿದಳು, ಅವನಿಗೆಂದು ಮುದ್ದೆ ತಿರುವಿ ಮುಚ್ಚಿಟ್ಟಳು.

ಮರುದಿನ ಅವನ ಹೆಣ ತಂದರು. ಹೊರಗೆ ಸತ್ತವನನ್ನು ಒಳಗೆ ತರಬಾರದು, ಬಾಗಿಲ ಮುಂದೆಯೇ ಮಲಗಿಸಿ ಎಂದು ಅವನ ಅಣ್ಣ ಶ್ರೀರಾಮಪ್ಪ ಶಾಸ್ತ್ರ ಹೇಳಿದ. ಬದುಕಿದ್ದಾಗ ತಮ್ಮನ ಮನೆಯತ್ತ ತಲೆ ಹಾಕದ ಮಹಾರಾಯನಿಗೆ ಶಾಸ್ತ್ರ ಮಾತ್ರ ಚೆನ್ನಾಗಿ ನೆನಪಿತ್ತು. ರತ್ನಮ್ಮ ಒಳಗೇ ಬರಬೇಕು ಎಂದು ಹಟ ಹಿಡಿದಳು. ಇದ್ದದ್ದು ಒಂದೇ ಕೋಣೆ, ನಡುವೆ ಆ ಇಟ್ಟಿಗೆಯ ಮನೆ. ಯಾರೋ ಅದನ್ನು ಎತ್ತಿಡಲು ಬಗ್ಗಿದರು. ಅವಳು ಅವರ ಕೈ ತಡೆದು, ಎಲ್ಲರನ್ನೂ ಆಚೆ ಕಳಿಸಿ, ನೆಲದಲ್ಲಿ ಕೂತಳು.

ಹೊತ್ತವರು ಬೀದಿಯಲ್ಲಿ ಕಾದರು. ಹೊಸ್ತಿಲ ಮೇಲೆ ನಿಂತು ನಾನು ನೋಡಿದೆ. ಅವನು ಹೇಳಿದಂತೆಯೇ ಮೇಲಿಂದ, ಒಂದು ಗುಂಡಿಯೂ ಹರಿಯದ ಹಾಗೆ ಬಿಚ್ಚುತ್ತಾ ಬಂದಳು. ಸೂರು, ಕೊಟ್ಟಿಗೆ, ಪಡಸಾಲೆ ಎಲ್ಲ ಪೆಟ್ಟಿಗೆ ಸೇರಿದವು. ಕೊನೆಗೆ ಮುಂದಿನ ಗೋಡೆ, ಅದರ ಕಿರಿದಾದ ಬಾಗಿಲು ಉಳಿದವು. ಮೇಲಿನ ಸಾಲು ಬಿಚ್ಚಿ, ಬಾಗಿಲ ಎರಡೂ ಪಕ್ಕದ ಇಟ್ಟಿಗೆ ತೆಗೆದು ಅಗಲ ಮಾಡಿದಳು. ಕೈ ತೂರಿಸಿ ನೋಡಿದಳು. ಆ ಬಾಗಿಲನ್ನು ಹಾಗೆಯೇ ಗೋಡೆಯ ಮಗ್ಗುಲಿಗೆ ಸರಿಸಿ ನನ್ನತ್ತ ತಿರುಗಿದಳು.

"ಬಾಗ್ಲು ದೊಡ್ಡದಾಯ್ತಕ್ಕಾ. ಒಳಿಕ್ಕೆ ಕರ್ಕೊಂಡು ಬರಾಕೇಳು."