ಕರುಣ ವಠಾರಕ್ಕೆ ಬಂದ ಶನಿವಾರ

ನನಗೆ ಕೋಪ ಜಾಸ್ತಿ ಎಂದು ನಮ್ಮ ಚರ್ಚಿನವರೆಲ್ಲ ಹೇಳುತ್ತಾರೆ. ಹೇಳಲಿ, ನನಗೇನಂತೆ! ಆದರೆ ೧೯೭೮ರಲ್ಲಿ ನನಗೆ ಬಂದಿದ್ದ ಕೋಪ ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ. ಅದನ್ನು ಬರಿಸಿದವಳು ಒಂಬತ್ತು ವರ್ಷದ ಒಂದು ಚೋಟುದ್ದದ ಹುಡುಗಿ.

ಆಗ ನಾನೂ ಅಮ್ಮನೂ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ನನಗೆ ನಲವತ್ತು ತುಂಬುತ್ತಿತ್ತು. ಮದುವೆ ಆಗಿರಲಿಲ್ಲ. ಸರ್ಕಾರಿ ಆಫೀಸೊಂದರಲ್ಲಿ ಟೈಪಿಸ್ಟ್ ಕೆಲಸ. ಅಮ್ಮನಿಗೆ ಉಬ್ಬಸ, ಹಾಗಾಗಿ ವಿಕ್ಟೋರಿಯಾ ಆಸ್ಪತ್ರೆಗೆ ಹತ್ತಿರವಿರುವ ಮನೆಯೇ ಬೇಕಿತ್ತು. ಮನೆ ಹುಡುಕುವಾಗ ಐದು ಕಡೆ ನಿಜ ಹೇಳಿದ್ದೆ, ನಾವು ಕ್ರಿಸ್ತಿಯನ್ನರು ಎಂದು. ಐದು ಕಡೆಯೂ ಒಂದೇ ರಾಗ. "ಅಯ್ಯೋ, ಈಗಷ್ಟೇ ಬೇರೆಯವ್ರಿಗೆ ಮಾತು ಕೊಟ್ಬಿಟ್ವಲ್ಲ!" ಟು-ಲೆಟ್ ಬೋರ್ಡು ಮಾತ್ರ ಆಮೇಲೂ ತಿಂಗಳುಗಟ್ಟಲೆ ಅದೇ ಗೇಟಿನಲ್ಲಿ ನೇತಾಡುತ್ತಿತ್ತು.

ಆರನೆಯದು ಶಂಭುಲಿಂಗಪ್ಪನವರ ವಠಾರ. ಅವರ ಹೆಂಡತಿ ಶೈಲಜಮ್ಮ ಬಾಗಿಲಲ್ಲೇ ಹೆಸರು ಕೇಳಿದರು. ಕಮಲಮ್ಮ ಎಂದೆ. "ದೇವ್ರು ದಿಂಡ್ರು ಅಂತ ಭಕ್ತಿ ಇರೋರು ತಾನೇ?" ಎಂದರು. ಹೂಂ ಎಂದೆ. ಭಕ್ತಿ ಇದ್ದದ್ದು ನಿಜ, ಯಾವ ದೇವರು ಎಂದು ಅವರು ಕೇಳಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ!

ಆ ಒಂದು ಹೂಂ ಎರಡು ವರ್ಷ ಬೆಳೆಯಿತು. ಯೇಸುವಿನ ಪಟ ಬೀರುವಿನ ಒಳಗೆ, ಸೀರೆಗಳ ಹಿಂದೆ ಸೇರಿತು. ಶುಕ್ರವಾರ ಶೈಲಜಮ್ಮ ಕರೆದು ಕುಂಕುಮ ಇಟ್ಟರೆ ಬಾಯಿ ಮುಚ್ಚಿಕೊಂಡು ಇಡಿಸಿಕೊಳ್ಳುತ್ತಿದ್ದೆ, ಬಸ್ಸಿನಲ್ಲಿ ಕೂತು ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದೆ. ಭಾನುವಾರ ಎಲ್ಲಿಗೆ ಎಂದರೆ, ಮಕ್ಕಳಿಗೆ ಟ್ಯೂಷನ್ ಹೇಳಿಕೊಡೋಕೆ ಎನ್ನುತ್ತಿದ್ದೆ. ಪಾಪ, ಆ ಹೆಂಗಸಿಗೆ ನನ್ನ ಮೇಲೆ ತುಂಬಾ ವಿಶ್ವಾಸ. ಅಮ್ಮನಿಗೆ ಉಬ್ಬಸ ಜಾಸ್ತಿಯಾದಾಗ ಕಷಾಯ ಕಾಯಿಸಿ ತಂದು ತಾವೇ ಕುಡಿಸುತ್ತಿದ್ದರು. ನನಗೆ ಅದೇ ಹೆಚ್ಚು ಚುಚ್ಚುತ್ತಿತ್ತು.

ಹೀಗಿದ್ದ ನಾನು ಭಾನುವಾರ ಬೆಳಿಗ್ಗೆ ಚರ್ಚಿನ ಸಂಡೇ ಸ್ಕೂಲಿನಲ್ಲಿ ಹದಿನಾಲ್ಕು ಮಕ್ಕಳ ಮುಂದೆ ನಿಂತು ಧೈರ್ಯದ ಪಾಠ ಹೇಳುತ್ತಿದ್ದೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎನ್ನುತ್ತಾರಲ್ಲ, ಅದು ನನ್ನನ್ನು ನೋಡಿಯೇ ಹುಟ್ಟಿದ ಗಾದೆ.

ಆ ವಾರದ ಪಾಠ ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೋಹಾನರದು. ಇಬ್ಬರೂ ಮೀನು ಹಿಡಿಯುತ್ತಿದ್ದವರು, ಓದು ಬರಹ ಅಷ್ಟಕ್ಕಷ್ಟೇ. ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಕುಂಟನನ್ನು ಯೇಸುವಿನ ಹೆಸರಿನಲ್ಲಿ ಎದ್ದು ನಡೆಯುವಂತೆ ಮಾಡಿದ್ದಕ್ಕೆ ಅವರನ್ನು ಹಿಡಿದು ದೊಡ್ಡವರ ಸಭೆಯ ಮುಂದೆ ನಿಲ್ಲಿಸಿದರು. "ಹೋಗಿ, ಈ ಸಲ ಬಿಟ್ಟಿದೀವಿ. ಆದ್ರೆ ಆ ಹೆಸರು ಮಾತ್ರ ಇನ್ನೊಂದ್ಸಲ ಎತ್ತಬೇಡಿ" ಎಂದರು. ಇವರು ಹೆದರಿದರೇ? ಊಹೂಂ. ಕಣ್ಣಾರೆ ಕಂಡದ್ದನ್ನು ಹೇಳದೆ ಇರೋಕೆ ನಮ್ಮಿಂದ ಆಗಲ್ಲ ಸ್ವಾಮಿ ಎಂದರು. ನಾನು ಮೇಜು ಕುಟ್ಟಿ ಕುಟ್ಟಿ ಹೇಳಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಉಮೇದಿನಲ್ಲಿ ಮನೆಪಾಠವನ್ನೂ ಕೊಟ್ಟೆ. ಈ ವಾರ ಪ್ರತಿಯೊಬ್ಬರೂ ಚರ್ಚಿನ ಹೊರಗಿನವರೊಬ್ಬರಿಗಾದರೂ ತಾವು ಯಾರ ಮಕ್ಕಳು, ಯಾರನ್ನು ನಂಬಿದ್ದೇವೆ ಎಂದು ಹೇಳಬೇಕು.

ಮುಂದಿನ ಭಾನುವಾರ ಮನೆಪಾಠ ಮಾಡಿದ್ದವಳು ಒಬ್ಬಳೇ, ಕರುಣ. ಎರಡು ಜಡೆ, ಮುಂದಿನ ಒಂದು ಹಲ್ಲು ಅರ್ಧ ಬಂದಿತ್ತು. ಅವಳ ಸ್ಕೂಲಿನಲ್ಲಿ ಎಲ್ಲರ ಮುಂದೆ ಹೇಳಿದಳಂತೆ. ಪಕ್ಕದಲ್ಲಿ ಕೂರುತ್ತಿದ್ದ ಗೋದಾ ಅಂದಿನಿಂದ ಬೆಂಚು ಬದಲಾಯಿಸಿದ್ದಳಂತೆ. ಇದನ್ನು ಹೇಳುವಾಗಲೂ ಹುಡುಗಿ ತಲೆ ತಗ್ಗಿಸಲಿಲ್ಲ.

"ಟೀಚರ್, ನೀವ್ ಯಾರಿಗೆ ಹೇಳಿದ್ರಿ?" ಎಂದಳು.

ಹದಿನಾಲ್ಕು ಜೊತೆ ಕಣ್ಣು ನನ್ನ ಮೇಲಿದ್ದವು. ಬಾಯಿಗೆ ಬಂದದ್ದು ಹೊರಗೆ ಬಿದ್ದೇಹೋಯಿತು.

"ನಮ್ಮನೆ ಓನರ್ ಶೈಲಜಮ್ಮ ಅಂತ ಇದಾರೆ. ಅವ್ರಿಗೆ ಹೇಳ್ದೆ."

"ಏನೂ ಅನ್ಲಿಲ್ವಾ?"

"ಏನೂ ಅನ್ಲಿಲ್ಲ. ಒಳ್ಳೆಯವ್ರು."

ಕರುಣಳ ಮುಖ ಅರಳಿತು. ಬೆಂಚು ಬದಲಾಯಿಸದ ಜನವೂ ಊರಿನಲ್ಲಿ ಇದ್ದಾರಲ್ಲ ಎಂದು ಅವಳಿಗೆ ಸಮಾಧಾನವಾಗಿರಬೇಕು. ಥೂ, ನನ್ನ ಬಾಳಿಗಿಷ್ಟು!

ಅದರ ಮುಂದಿನದು ಎರಡನೇ ಶನಿವಾರ, ಆಫೀಸಿಗೆ ರಜ. ಬೆಳಿಗ್ಗೆ ಕೊಳಾಯಿಯಲ್ಲಿ ನೀರು ಬರುತ್ತಿತ್ತು. ಅಂಗಳದ ತುಂಬ ಬಿಂದಿಗೆ, ಹೆಂಗಸರ ಸಾಲು, ಅದರಲ್ಲಿ ಮೂರನೆಯವಳು ನಾನು. ಶೈಲಜಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಗೇಟಿನ ಸದ್ದಾಯಿತು. ನೋಡಿದರೆ ಕರುಣ! ಚರ್ಚಿನ ರಿಜಿಸ್ಟರಿನಲ್ಲಿ ವಿಳಾಸ ನೋಡಿಕೊಂಡು ಬಂದಿದ್ದಳು. ಸೀದಾ ಜಗಲಿಯ ಹತ್ತಿರ ಹೋಗಿ ಕೈ ಮುಗಿದಳು.

"ಆಂಟಿ, ಶೈಲಜಮ್ಮ ಅಂದ್ರೆ ನೀವೇನಾ? ನಿಮ್ಮನ್ನ ನೋಡೋಣ ಅಂತ ಬಂದೆ. ನಮ್ ಕಮಲಾ ಟೀಚರ್ ನಿಮಗೆ ಯೇಸುಸ್ವಾಮಿ ವಿಷ್ಯ ಹೇಳಿದ್ರಂತಲ್ಲ, ನೀವ್ ಬೇಜಾರೇ ಮಾಡ್ಕೊಳ್ಲಿಲ್ವಂತೆ."

ಶೈಲಜಮ್ಮ ನಕ್ಕುಬಿಟ್ಟರು. "ಮನೆ ತಪ್ಪಿ ಬಂದಿದೀಯ ಕಣಮ್ಮ. ನಮ್ ಕಮಲ ಆ ಪೈಕಿ ಅಲ್ಲ. ಶುಕ್ರವಾರ ಶುಕ್ರವಾರ ನಾನೇ ಕುಂಕುಮ ಇಡ್ತೀನಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಏನೇ ಕಮಲಾ, ಈ ಮಗು ನಿನಗೆ ಗೊತ್ತಾ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಕೊಳಾಯಿಯ ನೀರು ಸುರಿಯುತ್ತಲೇ ಇತ್ತು.

ಗೊತ್ತಿಲ್ಲ ಅಕ್ಕಾ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮನೆ ಉಳಿಯುತ್ತಿತ್ತು, ಆಸ್ಪತ್ರೆ ಹತ್ತಿರವೇ ಇರುತ್ತಿತ್ತು. ಪೇತ್ರನ ಇನ್ನೊಂದು ಕಥೆ ನನಗೆ ಗೊತ್ತಿತ್ತು, ಅದನ್ನು ನಾನು ಮಕ್ಕಳಿಗೆ ಹೇಳಿರಲಿಲ್ಲ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಇಂಥದ್ದೇ ಒಂದು ಅಂಗಳದಲ್ಲಿ ಒಬ್ಬ ಹುಡುಗಿ, ನೀನೂ ಆ ಯೇಸುವಿನ ಜೊತೆ ಇದ್ದವನಲ್ಲವೇ ಎಂದು ಕೇಳಿದಾಗ ಇದೇ ಪೇತ್ರ ಹೆದರಿ, ಅವನು ಯಾರೋ ನನಗೆ ಗೊತ್ತೇ ಇಲ್ಲ ಎಂದಿದ್ದ. ಕರುಣ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಅನುಮಾನ ಇನ್ನೂ ಶುರುವಾಗಿರಲಿಲ್ಲ. ನನಗೆ ನನ್ನ ಮೇಲೆ ಎಲ್ಲಿಲ್ಲದ ಕೋಪ ಬಂತು. ಬಿಂದಿಗೆಯನ್ನು ದಡಕ್ಕನೆ ಕೆಳಗಿಟ್ಟೆ.

"ಗೊತ್ತು ಅಕ್ಕಾ. ನನ್ನ ಸಂಡೇ ಸ್ಕೂಲ್ ಹುಡುಗಿ. ನಾನು ಕ್ರಿಸ್ತಿಯನ್. ಇವತ್ತು ನೆನ್ನೆ ಆದೋಳಲ್ಲ, ನಮ್ಮಜ್ಜನ ಕಾಲದಿಂದ."

ಶೈಲಜಮ್ಮನ ಕೈಯಲ್ಲಿದ್ದ ಅಕ್ಕಿ ಮೊರದೊಳಗೆ ಉದುರಿತು. ಸಾಲಿನಲ್ಲಿ ನನ್ನ ಹಿಂದಿದ್ದ ಗಂಗರತ್ನಮ್ಮ ತನ್ನ ಬಿಂದಿಗೆಯನ್ನು ಒಂದಡಿ ಹಿಂದಕ್ಕೆಳೆದುಕೊಂಡಳು.

"ಹಂಗಾದ್ರೆ ಹೋದ್ವಾರ ಕ್ಲಾಸಲ್ಲಿ ಹೇಳಿದ್ದು?" ಎಂದಳು ಕರುಣ.

"ಸುಳ್ಳು ಕಣಮ್ಮ. ನನಗೆ ಹೆದ್ರಿಕೆ ಆಗಿತ್ತು. ನಿನ್ನಷ್ಟು ಧೈರ್ಯ ನನಗಿರ್ಲಿಲ್ಲ."

ಕ್ಷಮಿಸುವುದೋ ಬೇಡವೋ ಎಂದು ಹುಡುಗಿ ತೂಗಿ ನೋಡಿದಂತಿತ್ತು. ಆಮೇಲೆ ಬಂದು ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು.

"ಅಲ್ವೇ," ಎಂದರು ಶೈಲಜಮ್ಮ. ಅವರ ಕಣ್ಣಲ್ಲಿ ನೀರು. "ಎರಡು ವರ್ಷ ನನ್ನ ಕೈಲಿ ಕುಂಕುಮ ಇಡಿಸ್ಕೊಂಡ್ಯಲ್ಲೇ. ನನ್ನನ್ನ ಏನಂತ ತಿಳ್ಕೊಂಡಿದ್ದೆ ನೀನು?"

"ಮುಚ್ಚಿಟ್ಟಿದ್ದು ತಪ್ಪು ಅಕ್ಕಾ. ಅದಕ್ಕೆ ನಿಮ್ಮ ಕಾಲಿಗೆ ಬೀಳ್ತೀನಿ. ಆದ್ರೆ ಕ್ರಿಸ್ತಿಯನ್ ಆಗಿರೋದಕ್ಕೆ ಬೀಳಲ್ಲ."

ಅವರು ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಕರುಣಳನ್ನು ಅವಳ ಮನೆಯವರೆಗೂ ಬಿಟ್ಟು ಬಂದೆ.

ಸಂಜೆ ಶಂಭುಲಿಂಗಪ್ಪನವರು ಬಂದು ನಮ್ಮ ಹೊಸ್ತಿಲಾಚೆ ನಿಂತರು. ವಠಾರದ ಐದಾರು ಬಾಗಿಲುಗಳು ಅರ್ಧಂಬರ್ಧ ತೆರೆದುಕೊಂಡವು. ಅವರು ಜಗಳಗಂಟ ಮನುಷ್ಯರಲ್ಲ. ದನಿ ತಗ್ಗಿಸಿಯೇ ಮಾತಾಡಿದರು.

"ನೋಡಿ ಕಮಲಮ್ಮ, ವಯಸ್ಸಾದ ತಾಯಿನ ಇಟ್ಕೊಂಡು ಎಲ್ಲಿಗೋಗ್ತೀರಾ? ಇರಿ, ಪರವಾಗಿಲ್ಲ. ಆದ್ರೆ ಆ ಮಾತು ಮಾತ್ರ ವಠಾರದಲ್ಲಿ ಇನ್ನೊಂದ್ಸಲ ಎತ್ತಬೇಡಿ. ಆ ಮಗು ಏನೋ ತಪ್ಪು ತಿಳ್ಕೊಂಡಿತ್ತು, ಅದರ ಮನಸ್ಸು ನೋಯಿಸ್ಬಾರ್ದು ಅಂತ ಹಂಗಂದೆ ಅಂತ ಎಲ್ರಿಗೂ ಹೇಳ್ಬಿಡಿ. ಶುಕ್ರವಾರ ಎಂದಿನ ಹಾಗೆ ಕುಂಕುಮಕ್ಕೆ ಬನ್ನಿ. ಅಲ್ಲಿಗೆ ಮುಗೀತು."

ಬೈದಿದ್ದರೆ ಸುಲಭವಾಗುತ್ತಿತ್ತು. ತಿರುಗಿ ಬೈಯುತ್ತಿದ್ದೆ, ಅದು ನನಗೆ ನೀರು ಕುಡಿದಷ್ಟೇ ಸಲೀಸು. ಆದರೆ ಈ ಮನುಷ್ಯ ಒಳ್ಳೆಯತನದಿಂದಲೇ ಬಾಯಿಗೆ ಬೀಗ ತಂದಿದ್ದರು. ಹಿಂದೆ ಮಂಚದ ಮೇಲೆ ಅಮ್ಮನ ಎದೆಯ ಗೊರಗೊರ ಕೇಳಿಸುತ್ತಿತ್ತು. ಒಪ್ಪಿಕೊಂಡುಬಿಡಲೇ ಎನ್ನಿಸಿದ್ದು ನಿಜ, ಅದನ್ನೂ ಮುಚ್ಚಿಡುವುದಿಲ್ಲ. ಒಪ್ಪಿಕೊಂಡರೆ ತಪ್ಪು ತಿಳಿದುಕೊಂಡ ಪೆದ್ದಿ ಕರುಣ ಆಗುತ್ತಿದ್ದಳು. ಬೆಂಚಿನ ಮೇಲೆ ಒಬ್ಬಳೇ ಕೂರುತ್ತಿರುವ ಆ ಹುಡುಗಿಯ ತಲೆಯ ಮೇಲೆ ನನ್ನ ಸುಳ್ಳನ್ನೂ ಹೇರಬೇಕಾಗುತ್ತಿತ್ತು.

"ಆಗಲ್ಲ ಸಾರ್," ಎಂದೆ.

"ಯೋಚ್ನೆ ಮಾಡಿ ಹೇಳಿ."

"ಎರಡು ವರ್ಷ ಯೋಚ್ನೆ ಮಾಡಿದ್ದೇ ಹೆಚ್ಚಾಯ್ತು. ಆ ಮಗು ಹೇಳಿದ್ದೇ ಸತ್ಯ. ಯಾರ್ ಕೇಳಿದ್ರೂ ಅದನ್ನೇ ಹೇಳ್ತೀನಿ."

ಅವರ ಮುಖ ಗಂಟಾಯಿತು. "ಹಂಗಾದ್ರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕಾಗುತ್ತೆ."

"ಮಾಡ್ತೀನಿ."

ಅಮ್ಮನಿಗೆ ಕಿವಿ ಮಂದ. ನಮ್ಮ ಬಾಯಾಡುವುದು ಕಂಡು ಮಂಚದಿಂದಲೇ ಕೇಳಿದಳು, "ಏನಂತೇ ಅವ್ರು?"

"ಮನೆ ಖಾಲಿ ಮಾಡ್ಬೇಕಂತೆ ಅಮ್ಮಾ."

"ಯಾಕಂತೆ?"

"ನಾವು ಕ್ರಿಸ್ತಿಯನ್ರು ಅಂತ."

"ಏನು? ಜೋರಾಗಿ ಹೇಳೇ!"

ನಾನು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದೆ. "ನಾವು ಕ್ರಿಸ್ತಿಯನ್ರು ಅಂತಾ!"

"ಓ," ಎಂದಳು ಅಮ್ಮ. "ಎರಡು ವರ್ಷ ಅವ್ರಿಗೆ ಗೊತ್ತೇ ಆಗ್ಲಿಲ್ವಾ? ಹಂಗಾದ್ರೆ ತಪ್ಪು ನಮ್ಮದೇ ಕಣೇ. ಟ್ರಂಕು ಇಳಿಸು."

ಶಂಭುಲಿಂಗಪ್ಪನವರು ತಲೆ ತಗ್ಗಿಸಿ ಹೊರಟರು. ಅರ್ಧ ತೆರೆದಿದ್ದ ಬಾಗಿಲುಗಳು ಇನ್ನೂ ಹಾಗೆಯೇ ಇದ್ದವು. ಅಮ್ಮನಿಗೆ ಕೇಳಿಸಿಯಾಗಿತ್ತು. ಆದರೂ ನಾನು ಹೊಸ್ತಿಲ ಮೇಲೆ ನಿಂತು ಅದೇ ಮಾತನ್ನು ಇನ್ನೊಂದು ಸಲ ಕೂಗಿದೆ.