ಕಡಲಿಗೆಂದು ಎತ್ತಿಟ್ಟ ದುಡ್ಡು

ಆ ಬೀದಿಯಲ್ಲಿ ಅಕ್ಕತಂಗಿ ಲಾಂಡ್ರಿ ಎಂದರೆ ಯಾರಾದರೂ ಕೈತೋರಿಸುತ್ತಿದ್ದರು. ಬೋರ್ಡಿನ ಮೇಲೆ ಇದ್ದ ಹೆಸರು ಬೇರೆ. ಅದು ಬಿಸಿಲಿಗೆ ಮಾಸಿ ಎಷ್ಟೋ ಕಾಲವಾಗಿತ್ತು, ಓದುವವರೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಗಲ್ಲಾಪೆಟ್ಟಿಗೆ ಮತ್ತು ಅಕ್ಕ, ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರ, ಇಸ್ತ್ರಿಯ ಮೇಜು ಮತ್ತು ತಂಗಿ. ಅಕ್ಕ ಗಂಡನನ್ನು ಕಳೆದುಕೊಂಡವಳು, ತಂಗಿ ಮದುವೆಯ ಗೋಜಿಗೇ ಹೋಗದವಳು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರ ಸಂಸಾರ.

ತಂಗಿಗೆ ನಲವತ್ತು ದಾಟಿದ್ದರೂ ಅಕ್ಕ ಅವಳನ್ನು ಕರೆಯುತ್ತಿದ್ದುದು ‘ಗುಂಡಿ’ ಎಂದೇ. ಹಳ್ಳದ ಗುಂಡಿಯಲ್ಲ, ಅಂಗಿಯ ಗುಂಡಿ. ಗಿರಾಕಿಗಳ ಬಟ್ಟೆಯಲ್ಲಿ ಗುಂಡಿ ಕಳಚಿದ್ದರೆ ಯಾರೂ ಹೇಳದೆಯೇ ಹೊಲಿದುಬಿಡುವಳು, ಅದಕ್ಕೆ ಬಿಡಿಗಾಸು ಕೇಳುವವಳಲ್ಲ. “ನಿನ್ ಕೈಗೆ ಗಲ್ಲಾ ಕೊಟ್ರೆ ತಿಂಗಳೊಳಗೆ ನಾವಿಬ್ರೂ ಗಿರಾಕಿಗಳ ಬಟ್ಟೆ ಹಾಕ್ಕೊಂಡು ಓಡಾಡ್ಬೇಕಾಗುತ್ತೆ” ಎಂದು ಅಕ್ಕ ರೇಗುತ್ತಿದ್ದಳು. ತಂಗಿಗೂ ಅದು ನಿಜವಿರಬಹುದೆಂದೇ ಅನಿಸುತ್ತಿತ್ತು. ಅವಳು ದುಡ್ಡು ಮುಟ್ಟುತ್ತಿದ್ದುದು ಗಿರಾಕಿಗಳ ಜೇಬಿನಲ್ಲಿ ಉಳಿದುಹೋದ ಚಿಲ್ಲರೆಯನ್ನು ತೆಗೆದು ಅಕ್ಕನ ಕೈಗೆ ಕೊಡುವಾಗ ಮಾತ್ರ.

ಒಂದು ದಿನ ನೀರು ಸರಬರಾಜಿನವರು ಬಂದು, ಬೀದಿಯ ಹಳೇ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕುತ್ತೇವೆ, ಮುಂದಿನ ತಿಂಗಳು ಒಂದು ವಾರ ಯಾರಿಗೂ ನೀರಿಲ್ಲ ಎಂದು ಹೇಳಿಹೋದರು. ಲಾಂಡ್ರಿಗೆ ನೀರಿಲ್ಲವೆಂದರೆ ಮೀನಿಗೆ ನೀರಿಲ್ಲದ ಹಾಗೆ. ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ಹಿಂದಿನ ಕೋಣೆಯಿಂದ ತಂಗಿ ಹೇಳಿದಳು, “ಹಾಗಾದ್ರೆ ಸಮುದ್ರ ನೋಡ್ಕೊಂಡು ಬರೋಣ್ವಾ?”

“ಏನು?”

“ಇಲ್ಲಿ ನೀರಿಲ್ಲ. ನೀರಿರೋ ಕಡೆ ಹೋಗೋಣ ಅಂದೆ.”

ತಮಾಷೆಗೆ ಅಂದ ಮಾತು. ಆದರೆ ಅಕ್ಕ ಬೈಯಲಿಲ್ಲ. ಗಲ್ಲಾದ ಹಿಂದೆ ಕೂತು ಬಹಳ ಹೊತ್ತು ಏನೋ ಲೆಕ್ಕ ಹಾಕಿದಳು. ಸಂಜೆ ಬಾಗಿಲು ಹಾಕುವಾಗ, “ಟೂರಿನವರ ಜೊತೆ ಬೇಡ. ಪಕ್ಕದ ಚಪ್ಪಲಿ ಅಂಗಡಿಯವನು ಹೋಗಿದ್ನಲ್ಲ, ಬಸ್ಸಿನ ಕಿಟಕೀಲಿ ಸಮುದ್ರ ತೋರಿಸಿ ಊಟಕ್ಕೆ ಕರ್ಕೊಂಡು ಹೋದ್ರಂತೆ. ನಾವೇ ಹೋಗೋಣ” ಎಂದಳು. ತಂಗಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅಕ್ಕನ ಲೆಕ್ಕಾಚಾರ. ಕಡಲತೀರದ ಒಂದು ದೊಡ್ಡ ಊರನ್ನು ಗೊತ್ತುಮಾಡಿ, ಅಲ್ಲಿನ ವಸತಿಗೃಹಗಳಿಗೆಲ್ಲ ಫೋನು ಮಾಡಿದಳು. ಬೆಲೆ ಕೇಳುವುದು, ಕೇಳಿದ ಮೇಲೆ ಏನೂ ಮಾತಾಡದೆ ಸುಮ್ಮನಿದ್ದುಬಿಡುವುದು. ಆ ಕಡೆಯವರು ‘ಹಲೋ, ಹಲೋ’ ಎಂದು ಗಾಬರಿಯಾಗಿ ತಾವೇ ಒಂದಿಷ್ಟು ಇಳಿಸುವರು. ಕೊನೆಗೆ ಬಂದರಿನ ಪಕ್ಕದ ಬೀದಿಯಲ್ಲಿ ಕಡಲಂಚಿಗಿದ್ದ ಒಂದು ಚಿಕ್ಕ ವಸತಿಗೃಹ ಗೊತ್ತಾಯಿತು. ಅಲ್ಲಿ ಕಡಲಿಗೆ ಮುಖ ಮಾಡಿದ ಕೋಣೆಗೆ ಒಂದು ದರ, ಹಿತ್ತಲಿಗೆ ಮುಖ ಮಾಡಿದ್ದಕ್ಕೆ ಇನ್ನೊಂದು.

“ಹಿತ್ತಲ ಕಡೇದೇ ಸಾಕು” ಎಂದಳು ಅಕ್ಕ. “ಸಮುದ್ರ ಏನು ಓಡಿಹೋಗುತ್ತಾ? ಎದ್ದು ಹೋಗಿ ನೋಡಿದ್ರಾಯ್ತು.”

ದುಡ್ಡನ್ನು ನಾಲ್ಕು ಲಕೋಟೆಗೆ ಹಾಕಿದಳು: ಕೋಣೆಗೆ, ಊಟಕ್ಕೆ, ಓಡಾಟಕ್ಕೆ, ಆಪತ್ತಿಗೆ. ‘ಸಂತೋಷಕ್ಕೆ ಒಂದು ಬೇಡ್ವಾ ಅಕ್ಕ?’ ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಹೊರಟಿರುವುದೇ ದೊಡ್ಡದು, ಆಸೆಗೂ ಮಿತಿ ಇರಲಿ ಎಂದು ನುಂಗಿಕೊಂಡಳು.

ಹೊರಡಲು ಎರಡು ದಿನವಿದೆ ಎನ್ನುವಾಗ ಪೈಪಿನ ಮೇಸ್ತ್ರಿ ಬಂದ. ಹಳೇ ಪೈಪು ಲಾಂಡ್ರಿಯ ಹಿಂದಿನ ಕೋಣೆಯ ನೆಲದಡಿಯೇ ಹೋಗಿದೆ, ನೆಲ ಅಗೆಯಬೇಕು, ಮನೆಯವರು ಯಾರಾದರೂ ಇರಲೇಬೇಕು ಎಂದ.

ಅವನು ಹೋದಮೇಲೆ ತಂಗಿಯೇ ಮೊದಲು ಬಾಯಿಬಿಟ್ಟಳು. “ಹೋಗ್ಲಿ ಬಿಡು ಅಕ್ಕ. ಎರಡು ಟಿಕೆಟ್ಟೂ ವಾಪಸ್ ಮಾಡೋಣ.”

“ವಾಪಸ್ ಮಾಡಿದ್ರೆ ಅರ್ಧ ದುಡ್ಡು ಹಿಡ್ಕೋತಾರೆ, ಗೊತ್ತಾ? ನೆಗಡಿ ಬಂತು ಅಂತ ಮೂಗೇ ಕುಯ್ಕೊಳ್ಳೋಕಾಗುತ್ತಾ? ನನ್ನದೊಂದು ನಷ್ಟ ಆಗ್ಲಿ. ನೀನು ಹೋಗು.”

“ಒಬ್ಬಳೇನಾ?”

“ಮತ್ತೆ? ಟಿಕೆಟ್ ತಗೊಂಡಾಗಿದೆ, ಕೋಣೆಗೆ ಮುಂಗಡ ಕೊಟ್ಟಾಗಿದೆ. ದುಡ್ಡು ಕೊಟ್ಟಮೇಲೆ ಹೋಗಲೇಬೇಕು!”

ಹೀಗೆ, ಅಕ್ಕನ ಜಿಪುಣತನದ ಕೃಪೆಯಿಂದಲೇ ತಂಗಿ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬಳೇ ರೈಲು ಹತ್ತಿದಳು. ಲಕೋಟೆಗಳು ಎದೆಗವಚಿಕೊಂಡ ಚೀಲದಲ್ಲಿದ್ದವು. ದಾರಿಯುದ್ದಕ್ಕೂ ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಂಡಳು.

ಇಳಿದ ಕೂಡಲೇ ಎಡವಟ್ಟಾಯಿತು. ಆ ನಿಲ್ದಾಣಕ್ಕೆ ಎರಡು ದೊಡ್ಡ ಬಾಗಿಲು, ಒಂದು ಬಂದರಿನ ಕಡೆಗೆ, ಒಂದು ಪೇಟೆಯ ಕಡೆಗೆ. ಜನ ನುಗ್ಗಿದತ್ತಲೇ ಇವಳೂ ನುಗ್ಗಿದಳು. ಹೊರಗೆ ಬಂದರೆ ಅಕ್ಕ ಹೇಳಿದ ಬಸ್ಸೂ ಇಲ್ಲ, ಗಡಿಯಾರದ ಕಂಬವೂ ಇಲ್ಲ. ನಾಲ್ಕು ಬೀದಿ ಸುತ್ತಿ, ಕೇಳಿದವರೆಲ್ಲ ಒಂದೊಂದು ದಿಕ್ಕು ತೋರಿಸಿ, ಕಾಲು ಸೋತು, ಕಣ್ಣಲ್ಲಿ ನೀರು ತುಂಬಿ, ಕೊನೆಗೆ ಒಂದು ಟ್ಯಾಕ್ಸಿ ಹತ್ತಿದಳು. ಟ್ಯಾಕ್ಸಿಯವನು ಊರೆಲ್ಲ ಬಳಸಿಕೊಂಡು ಹೋದನೋ ಏನೋ, ಇಳಿಯುವಷ್ಟರಲ್ಲಿ ‘ಆಪತ್ತಿಗೆ’ ಲಕೋಟೆ ಅರ್ಧ ಖಾಲಿಯಾಗಿತ್ತು.

ಸಂಜೆ ಅಕ್ಕನಿಗೆ ಫೋನು ಮಾಡಬೇಕಿತ್ತು. ಬಸ್ಸಿನಲ್ಲೇ ಬಂದೆ ಎಂದುಬಿಡಲೇ ಎಂದು ಯೋಚಿಸಿದಳು. ಆದರೆ ಅಕ್ಕನಿಗೆ ಸುಳ್ಳು ಹೇಳುವ ವಿದ್ಯೆ ಅವಳಿಗೆ ಬಂದದ್ದೇ ಇಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅಕ್ಕ ಸುಮ್ಮನಾದಳು. ವಸತಿಗೃಹದವರನ್ನು ಹೆದರಿಸುತ್ತಿದ್ದ ಅದೇ ಮೌನ. ತಂಗಿಯೂ ‘ಹಲೋ, ಹಲೋ’ ಎಂದಳು.

“ಇದೀನಿ” ಎಂದಳು ಅಕ್ಕ. “ಊಟ ಮಾಡಿದ್ಯಾ?”

“ಇಲ್ಲ. ಉಳಿಸೋಣ ಅಂತ...”

“ಹೊಟ್ಟೆಗೆ ಬಟ್ಟೆ ಕಟ್ಕೊಂಡು ಉಳಿಸು ಅಂತ ನಾನು ಯಾವತ್ತು ಹೇಳಿದೀನಿ? ಮೊದಲು ಹೋಗಿ ತಿನ್ನು. ನಾಳೆ ನಡೆದು ಓಡಾಡು, ಸರಿಹೋಗುತ್ತೆ.” ಫೋನು ಇಟ್ಟಳು.

ಮರುದಿನ ತಂಗಿ ನಡೆದಳು. ಊರಿನ ನಡುವೆ ಒಂದು ಎತ್ತರದ ಗೋಪುರ, ಅದರ ತುದಿಗೆ ಲಿಫ್ಟಿನಲ್ಲಿ ಹೋದರೆ ಇಡೀ ಊರು, ಇಡೀ ಬಂದರು ಕಾಣುತ್ತದಂತೆ. ಪ್ರವೇಶದ ದರ ನೋಡಿಯೇ ಅವಳಿಗೆ ತಲೆ ತಿರುಗಿತು. ನೆಲದ ಮೇಲೆ ನಿಂತೇ ಇಷ್ಟು ತಿರುಗುವಾಗ ಮೇಲೇರಿದರೆ ಇನ್ನೇನು ಎಂದು ತನ್ನಷ್ಟಕ್ಕೆ ನಕ್ಕು ಬಂದರಿನತ್ತ ಇಳಿದಳು. ಅಲ್ಲಿ ಕೆಲಸಕ್ಕೆ ಹೋಗುವವರು ಬುತ್ತಿ ಹಿಡಿದು ಒಂದು ದೊಡ್ಡ ಬೋಟಿಗೆ ಹತ್ತುತ್ತಿದ್ದರು. ಆಚೆ ದಡಕ್ಕೆ ಹೋಗುವ ಬೋಟು. ಟಿಕೆಟ್ಟಿಗೆ ಬಸ್ಸಿನಷ್ಟೇ ದುಡ್ಡು. ತಂಗಿ ಹತ್ತಿದಳು, ಮೇಲಂತಸ್ತಿನ ಅಂಚಿನ ಬೆಂಚಿನಲ್ಲಿ ಕೂತಳು.

ಬೋಟು ದಡ ಬಿಟ್ಟಿತು. ಒಂದು ಕಡೆ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿದ ಹಾಗೆ ಗುಡ್ಡದುದ್ದಕ್ಕೂ ನಿಂತಿದ್ದವು. ಇನ್ನೊಂದು ಕಡೆ ಹಡಗುಗಳು, ಕ್ರೇನುಗಳು, ಅವುಗಳಾಚೆ ಬರೀ ನೀರು. ಕಣ್ಣು ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ನೀರು. ಅವಳ ಬಾಯಿಂದ “ಅಬ್ಬಾ” ಎಂದಷ್ಟೇ ಬಂತು. ಆಚೆ ದಡ ಬಂದಾಗ ಎಲ್ಲರೂ ಇಳಿದರು. ಇವಳಿಗೆ ಏಳಲು ಮನಸ್ಸೇ ಬರಲಿಲ್ಲ.

ಟಿಕೆಟ್ ಹರಿಯುವ ಹೆಂಗಸು ಹತ್ತಿರ ಬಂದಳು. ಗುಂಡುಗುಂಡಗಿನ ಮೈ, ಕೂದಲಿಗೆ ಬಿಗಿಯಾಗಿ ಕಟ್ಟಿದ ಕರವಸ್ತ್ರ.

“ಇಳೀದೆ ಕೂತ್ರೆ ಮತ್ತೆ ದುಡ್ಡು ಕೊಡ್ಬೇಕಾ?” ತಂಗಿ ಅಂಜುತ್ತ ಕೇಳಿದಳು.

“ಇಳಿದು ಹತ್ತಿದ್ರೆ ತಾನೇ ಟಿಕೆಟ್ಟು? ಕೂತವರನ್ನ ಯಾರು ಕೇಳ್ತಾರೆ? ಕೂತ್ಕೊಳ್ಳಿ. ಸಮುದ್ರವನ್ನ ಯಾರೂ ನೋಡಲ್ಲ ಈ ಬೋಟಲ್ಲಿ, ಎಲ್ರೂ ಫೋನ್ ನೋಡ್ತಾರೆ. ನೀವಾದ್ರೂ ನೋಡಿ.”

ಆ ದಿನ ತಂಗಿ ಎಷ್ಟು ಸಲ ಆಚೆಗೂ ಈಚೆಗೂ ಹೋದಳೋ ಅವಳಿಗೇ ಲೆಕ್ಕವಿಲ್ಲ. ಮಧ್ಯಾಹ್ನ ಹೆಂಗಸು ತನ್ನ ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ತುತ್ತು ಹಾಕಿಕೊಟ್ಟಳು. ತಂಗಿ ಎರಡು ಬಾಳೆಹಣ್ಣು ಕೊಟ್ಟಳು.

ಸಂಜೆ ಅಕ್ಕ, “ಇವತ್ತು ಎಷ್ಟಾಯ್ತು?” ಎಂದು ಕೇಳಿದಳು. ತಂಗಿ ಹೇಳಿದಳು.

“ಅಷ್ಟೇನಾ?” ಅಕ್ಕನ ದನಿಯಲ್ಲಿ ಸಂಶಯ. “ಇಡೀ ದಿನ ಏನ್ ಮಾಡ್ದೆ?”

ಬೋಟಿನ ಕಥೆ ಹೇಳಿದಳು. ಗುಡ್ಡದ ಮನೆಗಳ ಬಾಲ್ಕನಿಗಳಲ್ಲೆಲ್ಲ ಒಣಹಾಕಿದ ಬಟ್ಟೆ, ದೂರದಿಂದ ನೋಡಿದರೆ ಊರಿಗೆ ಊರೇ ಒಗೆದು ಹರವಿದಂತೆ ಕಾಣುತ್ತದೆ ಎಂದಳು.

“ಉಪ್ಪುಗಾಳೀಲಿ ಬಟ್ಟೆ ಒಣಗುತ್ತಾ? ಅಂಟಂಟು ಆಗಲ್ವಾ?”

“ಅದನ್ನೇ ನಾನೂ ಕೇಳ್ದೆ. ಮಧ್ಯಾಹ್ನದ ಬಿಸಿಲು ಇಳಿಯೋ ಮುಂಚೆ ಒಳಗೆ ತಗೋಬೇಕಂತೆ. ಬಿಟ್ರೆ ಮತ್ತೆ ಒದ್ದೆ.”

“ಹೂಂ” ಎಂದಳು ಅಕ್ಕ. ಆಮೇಲೆ ಹಡಗು ಎಷ್ಟು ದೊಡ್ಡದು ಎಂದು ಕೇಳಿದಳು. ನೀರಿನ ಬಣ್ಣ ಕೇಳಿದಳು. ಫೋನಿಗೆ ದುಡ್ಡಾಗುತ್ತದೆಂದು ಎರಡು ಮಾತಿಗೆ ಇಟ್ಟುಬಿಡುವವಳು ಅಂದು ತಾನಾಗಿ ಇಡಲೇ ಇಲ್ಲ.

ಮೂರನೆಯ ದಿನ ತಂಗಿಗೆ ಧೈರ್ಯ ಹೆಚ್ಚಿತು. ಊಟದ ಲಕೋಟೆಯಲ್ಲಿ ಉಳಿದಿತ್ತು, ಓಡಾಟದ್ದರಲ್ಲೂ ಉಳಿದಿತ್ತು. ವಸತಿಗೃಹದ ಒಡತಿಯ ಬಳಿ ಹೋಗಿ, ಕಡಲ ಕಡೆಯ ಕೋಣೆಗೆ ಬದಲಾಯಿಸಿದರೆ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿದಳು. ಒಡತಿ ಹೇಳಿದಳು. ತಂಗಿ ಅಕ್ಕನ ಹಾಗೆ ಸುಮ್ಮನೆ ನಿಂತು ನೋಡಿದಳು. ಆದರೆ ವಿದ್ಯೆ ಅರ್ಧದಲ್ಲೇ ಕೈಕೊಟ್ಟು ಕಿಸಕ್ಕನೆ ನಗು ಬಂದುಬಿಟ್ಟಿತು.

“ಯಾಕೆ ನಗ್ತೀರ?” ಎಂದಳು ಒಡತಿ.

“ಚೌಕಾಸಿ ಮಾಡೋಕೆ ನೋಡ್ದೆ. ಬರಲಿಲ್ಲ.”

ಒಡತಿಗೂ ನಗು ಬಂತು. ಅವಳ ಕೋಟಿನ ಎದೆಯ ಗುಂಡಿ ದಾರದಲ್ಲಿ ಜೋತಾಡುತ್ತಿತ್ತು. ತಂಗಿಯ ಕೈ ಸುಮ್ಮನಿರಲಿಲ್ಲ. ಚೀಲದಿಂದ ಸೂಜಿದಾರ ತೆಗೆದು ಅಲ್ಲೇ ನಿಂತು ಹೊಲಿದಳು. ಒಡತಿ ಒಳಗಿನಿಂದ ಇನ್ನಷ್ಟು ಬಟ್ಟೆ ತಂದಳು, ದಿಂಬಿನ ಗವಸು ತಂದಳು. ಮಾತಾಡುತ್ತ ಮಾತಾಡುತ್ತ ಅದೂ ಮುಗಿಯಿತು. ಕೊನೆಗೆ ಒಡತಿ ಮೇಲಿನ ಕೋಣೆಯ ಬೀಗದ ಕೈ ಮುಂದಿಟ್ಟು, “ಮೊದಲಿನ ದರಕ್ಕೇ ಇರಿ. ಹೇಗೂ ಖಾಲಿ ಬಿದ್ದಿದೆ” ಎಂದಳು.

ಮರುದಿನ ಬೆಳಗಾಗುತ್ತಿದ್ದಂತೆ ತಂಗಿ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಆಗಲೇ ಎದ್ದಿದ್ದಳು. ಹಿಂದಿನ ಕೋಣೆಯ ನೆಲ ಅಗೆದಿದ್ದಾರೆ, ಮಣ್ಣಿನ ರಾಶಿ ಮಂಡಿಯುದ್ದ ಇದೆ, ಕೂರಲು ಜಾಗವಿಲ್ಲ ಎಂದಳು. ದನಿ ದಣಿದಿತ್ತು.

“ಅಕ್ಕ, ಕೋಣೆ ಬದಲಾಯಿಸ್ಕೊಂಡೆ. ಸಮುದ್ರದ ಕಡೇದು. ದುಡ್ಡು ಜಾಸ್ತಿ ಕೊಟ್ಟಿಲ್ಲ” ಎಂದು ಒಂದೇ ಉಸಿರಿಗೆ ಹೇಳಿದಳು ತಂಗಿ.

ಅಕ್ಕ ದುಡ್ಡಿನ ಮಾತೇ ಎತ್ತಲಿಲ್ಲ. “ಸದ್ದು ಕೇಳಿಸುತ್ತಾ ಅಲ್ಲಿಗೆ?” ಎಂದಳು.

“ಕೇಳಿಸುತ್ತೆ.”

“ಫೋನನ್ನ ಕಿಟಕಿ ಹೊರಗೆ ಹಿಡಿ.”

ತಂಗಿ ಕೈಚಾಚಿ ಹಿಡಿದಳು. ಕೆಳಗೆ ಅಲೆಗಳು ಬಂದು ಕಲ್ಲಿಗೆ ಬಡಿದು, ಸರ್ರನೆ ಹಿಂದೆ ಹೋಗಿ, ಮತ್ತೆ ಬಂದವು. ಕೈ ನೋವು ಬಂದು ಇನ್ನೊಂದು ಕೈಗೆ ಬದಲಾಯಿಸಿದಳು. ಕಿವಿಗಿಟ್ಟು ನೋಡಿದರೆ ಆ ಕಡೆ ಮಾತಿಲ್ಲ, ಉಸಿರು ಮಾತ್ರ.

“ಅಕ್ಕ?”

“ಇರು, ಇನ್ನೂ ಸ್ವಲ್ಪ ಹಿಡಿ” ಎಂದಳು ಅಕ್ಕ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂಬ ಗಾದೆಯಿದೆ. ಇಲ್ಲಿ ನೀರಿನ ಸದ್ದು ಕೇಳಿದವಳು ಊರಿಗೇ ಬಂದಳು. ಆ ಮಧ್ಯಾಹ್ನವೇ ಫೋನು: “ಪೈಪು ಹಾಕಿ ಆಯ್ತು. ನೆಲ ಗಟ್ಟಿಯಾಗೋಕೆ, ನೀರು ಬಿಡೋಕೆ ಇನ್ನೂ ಎರಡು ದಿನ ಬೇಕಂತೆ. ಬೀಗ ಹಾಕಿ ಸ್ಟೇಷನ್ನಿಗೆ ಬಂದಿದೀನಿ.”

“ಟಿಕೆಟ್ಟು?”

“ತಗೊಂಡೆ.” ಅಕ್ಕ ದನಿ ತಗ್ಗಿಸಿ, “ಮೊದಲಿನದು ವಾಪಸ್ ಮಾಡಿ ಅರ್ಧ ಕಳ್ಕೊಂಡೆ, ಈಗ ಹೊಸದಕ್ಕೆ ಪೂರ್ತಿ ಕೊಟ್ಟೆ. ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ. ಯಾರಿಗೂ ಹೇಳ್ಬೇಡ” ಎಂದಳು.

ಮರುದಿನ ಬೆಳಿಗ್ಗೆ ತಂಗಿ ರೈಲಿನ ಬೋಗಿಯ ಬಾಗಿಲಿಗೇ ಹೋಗಿ ನಿಂತಳು. ಅಕ್ಕ ಇಳಿದಳು, ಜನಸಾಗರ ನೋಡಿ ಬೆದರಿದಳು, ತಂಗಿಯ ತೋಳು ಹಿಡಿದುಕೊಂಡಳು. ಗಲ್ಲಾದ ಹಿಂದೆ ಅಷ್ಟೆತ್ತರ ಕಾಣುವ ಅಕ್ಕ ಇಲ್ಲಿ ತನ್ನ ಭುಜದವರೆಗೆ ಮಾತ್ರ ಇದ್ದಾಳೆಂದು ತಂಗಿಗೆ ಆಗ ಕಂಡಿತು. ಸರಿಯಾದ ಬಾಗಿಲಿನಿಂದ ಹೊರಗೆ ಕರೆತಂದು ಬಸ್ಸು ಹತ್ತಿಸಿದಳು. ಅಕ್ಕ ದುಡ್ಡಿಗೆಂದು ಚೀಲಕ್ಕೆ ಕೈ ಹಾಕಿದಳು.

“ಕೈ ತೆಗಿ ಅಕ್ಕ. ಈ ಊರಲ್ಲಿ ಖರ್ಚು ನಂದು.”

ಅಕ್ಕ ಕೈ ತೆಗೆದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಲೆಕ್ಕ ಹಾಕದ ಅಕ್ಕನ ಮುಖ ಹೇಗಿರುತ್ತದೆಂದು ತಂಗಿ ಅವತ್ತೇ ನೋಡಿದ್ದು.

ಬೋಟಿನಲ್ಲಿ ಟಿಕೆಟ್ಟಿನ ಹೆಂಗಸು, “ಇವರೇನಾ ನಿಮ್ಮಕ್ಕ?” ಎಂದು ಕೇಳಿ ಅಂಚಿನ ಬೆಂಚು ಬಿಡಿಸಿಕೊಟ್ಟಳು. ಆಚೆ ದಡದಲ್ಲಿ ಇಳಿದು ಮರಳಿನ ತೀರಕ್ಕೆ ಹೋದರು. ಅಕ್ಕ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನೀರಿನ ಅಂಚಿನಲ್ಲಿ ನಿಂತಳು. ಮೊದಲ ಅಲೆ ಪಾದ ಮುಟ್ಟಿದಾಗ ಹಿಂದೆ ಹಾರಿದಳು. ಎರಡನೆಯದಕ್ಕೆ ನಿಂತಳು. ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ, ಬೆರಳುಗಳ ನಡುವೆ ಉಜ್ಜಿ ನೋಡಿದಳು.

“ಇಷ್ಟೊಂದು ನೀರು ಗುಂಡಿ! ಒಂದು ಕರವಸ್ತ್ರ ಒಗೆಯೋಕೂ ಬರಲ್ಲ. ಇದರಲ್ಲಿ ಸೋಪು ನೊರೆ ಬರೋದು ಸುಳ್ಳು.”

“ಒಗೆಯೋಕೆ ಬಂದಿದೀವಾ?”

“ಅದೂ ನಿಜ” ಎಂದಳು ಅಕ್ಕ. ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಇಬ್ಬರನ್ನೂ ಸೊಂಟದವರೆಗೆ ತೋಯಿಸಿಬಿಟ್ಟಿತು. ತಂಗಿ ಕೂಗಿಕೊಂಡಳು. ಅಕ್ಕ ನಕ್ಕಳು. ನಗು ತಡೆಯಲಾಗದೆ ಒದ್ದೆ ಮರಳಿನ ಮೇಲೆ ಹಾಗೇ ಕೂತುಬಿಟ್ಟಳು. ಬಟ್ಟೆ ಕೆಟ್ಟಿತೆಂದು ಅವಳು ಒಂದು ಮಾತೂ ಆಡಲಿಲ್ಲ. ಸಂಜೆಯವರೆಗೂ ಇಬ್ಬರೂ ಅಲ್ಲೇ ಇದ್ದರು. ಕಡಲೆಯ ಪೊಟ್ಟಣ ತೆಗೆದುಕೊಂಡರು, ಮುಗಿದ ಮೇಲೆ ಇನ್ನೊಂದು ತೆಗೆದುಕೊಂಡರು.

ಊರಿಗೆ ಮರಳಿದಾಗ ನಲ್ಲಿಯಲ್ಲಿ ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಕೊಳೆಬಟ್ಟೆಯ ಗಂಟುಗಳು ಬಾಗಿಲಿನವರೆಗೂ ಬಿದ್ದವು. ಇಬ್ಬರಿಗೂ ಉಸಿರಾಡಲು ಪುರುಸೊತ್ತಿಲ್ಲ. ಅಕ್ಕ ಬಂದ ಗಿರಾಕಿಗಳಿಗೆಲ್ಲ ಬೋಟಿನ ವಿಷಯ ಹೇಳುವಳು, ಒಂದೊಂದು ಸಲಕ್ಕೂ ಅಲೆ ಒಂದು ಗೇಣು ಹೆಚ್ಚು ಎತ್ತರವಾಗುವುದು. ತಂಗಿ ಹಿಂದಿನ ಕೋಣೆಯಿಂದ ಕೇಳಿಸಿಕೊಂಡು ತಿದ್ದದೆ ಬಿಡುವಳು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಕ್ಕ ಎದ್ದು ಬಂದು ಇಸ್ತ್ರಿಯ ಮೇಜಿಗೆ ಒರಗಿ ನಿಂತಳು.

“ಮುಂದಿನ ವರ್ಷ ಎಲ್ಲಿಗೆ ಅಂದ್ಕೊಂಡಿದೀಯ?”

ತಂಗಿ ಅಂಗಿಯ ತೋಳು ಮಡಚುತ್ತ, “ಮೊದಲು ದುಡ್ಡು ಕೂಡಲಿ ಅಕ್ಕ” ಎಂದಳು.

“ದುಡ್ಡು ಕೂಡುತ್ತೆ, ಅದು ನನಗೆ ಬಿಡು” ಎಂದಳು ಅಕ್ಕ. “ನೀನು ಊರು ಹುಡುಕು.”