ಕೂಸಿಲ್ಲದ ಬಾಣಂತಿ

ಏಳು ಹಳ್ಳ ದಾಟಿದರೆ ಒಂದು ಊರು. ಆ ಊರಿಗೊಬ್ಬ ರಾಕ್ಷಸ, ಆ ರಾಕ್ಷಸನಿಗೊಂದು ಗುಡ್ಡ. ಯಾವ ಹೆಣ್ಣು ಆ ಗುಡ್ಡವನ್ನು ತಲೆಯ ಮೇಲೆ ಹೊತ್ತು ಖಾಲಿ ಮಾಡುತ್ತಾಳೋ ಅವಳಿಗೆ ಬಿಡುಗಡೆಯಂತೆ. ಎರ್ರಮ್ಮಜ್ಜಿ ಹೇಳುತ್ತಿದ್ದರೆ ನಾನು ಗುಡ್ಡಕ್ಕೆ ಬಂಗಾರದ ಬಣ್ಣ ಹಚ್ಚಿಕೊಂಡು ಕೇಳುತ್ತಿದ್ದೆ. ಗುಮ್ಮಘಟ್ಟದಲ್ಲಿ ಆಟೋ ಇಳಿದು ನಡೆದರೆ ಸಿಗುವ ನಮ್ಮೂರಿನಲ್ಲಿ ಆ ಗುಡ್ಡ ಎಂದರೆ ದೊಡ್ಡಬೀರಪ್ಪ ಧಣಿಯ ತಿಪ್ಪೆ.

"ಏನ್ಲೇ ಸುಂಕಿ, ಸತ್ತಿಯೇನು ಒಳಗ?"

ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಧಣಿ ನಮ್ಮ ಗುಡಿಸಲ ಮುಂದೆ ಬೈಕ್ ನಿಲ್ಲಿಸಿ ಕೂಗಿದ. ಒಳಗೆ ಅಜ್ಜಿ ಅವ್ವನ ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಬಿಗಿಯುತ್ತಿದ್ದಳು. ಅವ್ವ ಗರ್ಭಕೋಶ ತೆಗೆಸಿಕೊಂಡು ಮನೆಗೆ ಬಂದಾಗಿನಿಂದ ಹೀಗೇ. ಹಡೆದವಳಿಗೆ ಹೊಟ್ಟೆ ಕಟ್ಟುತ್ತಾರೆ, ತೆಗೆಸಿಕೊಂಡವಳಿಗೂ ಕಟ್ಟಬೇಕು ಎಂದು ಅಜ್ಜಿಯ ಹಟ. ಬೆಳ್ಳುಳ್ಳಿ ಖಾರ, ಬಿಸಿನೀರು, ಲೋಬಾನದ ಹೊಗೆ, ಎಲ್ಲವೂ ಬಾಣಂತಿಯದೇ. ತೊಟ್ಟಿಲು ಮಾತ್ರ ಇರಲಿಲ್ಲ.

"ಸ್ವಲ್ಪ ಸಡ್ಲ ಬಿಡಬೇ, ಕೆಳಾಕ ಒತ್ತಾಕತ್ತೈತಿ," ಎಂದಳು ಅವ್ವ.

"ಸುಮ್ಕಿರು. ಕಟ್ಟಲಿಲ್ಲಂದ್ರ ಗಾಳಿ ಹೊಗ್ತೈತಿ."

ಗಂಟು ಹಾಕಿ ಅಜ್ಜಿ ಹೊರಗೆ ಬಂದು ಕೈಮುಗಿದಳು. "ಬಾಣಂತಿತನ ಮಾಡಾಕತ್ತೀವ್ರಿ ಧಣ್ಯಾರ. ಇನ್ನೂ ಹಸಿ ಮೈ."

"ಕೂಸಿಲ್ಲದ ಬಾಣಂತಿನ ಎಲ್ಲಿ ನೋಡೀಯಲೇ ಮುದುಕಿ? ಹಡದಿದ್ರ ನಾನ ಬಿಡ್ತಿದ್ದೆ. ಚೀಲ ಕೊಯ್ಸ್ಕಂಡು ಬಂದು ರಾಣಿಯಂಗ ಮಲಗ್ಯಾಳ ರಂಡೆ. ನನ್ನ ಕಾರಿನ ಸೀಟೆಲ್ಲ ರಗತ ಮಾಡಿ ಅವತ್ತು ಏನಂದಿದ್ಲು, ಕೇಳು."

ಅಂದದ್ದು ನಿಜ. ರಕ್ತ ನಿಲ್ಲದ ದಿನ ರಾಯದುರ್ಗಕ್ಕೆ ಆಟೋ ಸಿಗದೆ ಧಣಿಯ ಕಾರು ಬೇಡಿದ್ದೆವು. ಅವ್ವ ಕಾರಿನ ಬಾಗಿಲು ಹಿಡಿದು ಮಾತು ಕೊಟ್ಟಿದ್ದಳು: "ಯುಗಾದಿಯೊಳಗ ನಿಮ್ಮ ತಿಪ್ಪಿ ನಾನ ಖಾಲಿ ಮಾಡಿಕೊಡ್ತೀನ್ರಿ. ನನ್ನ ಮಗಳನ್ನ ಮಾತ್ರ ಕರೀಬ್ಯಾಡ್ರಿ."

ನಮ್ಮ ಕೇರಿಯಲ್ಲಿ ಯಾವ ಹೆಣ್ಣಿನ ತಲೆಗೆ ಒಮ್ಮೆ ಧಣಿಯ ತಿಪ್ಪೆಯ ಪುಟ್ಟಿ ಏರುತ್ತದೋ ಅವಳು ಕೈಕಾಲು ಸೋಲುವ ತನಕ ಆ ತಿಪ್ಪೆಯವಳು. ಅಜ್ಜಿಯ ತಲೆಯಿಂದ ಅವ್ವನ ತಲೆಗೆ ಬಂದಿತ್ತು. ಅಪ್ಪ ಸತ್ತ ಮೇಲೂ ನನ್ನನ್ನು ಇಂಟರ್‌ವರೆಗೆ ಓದಿಸಿದ ಅವ್ವನಿಗೆ ಇದ್ದದ್ದು ಒಂದೇ ಆಸೆ, ಆ ಪುಟ್ಟಿ ನನ್ನ ತಲೆಗೆ ಬರಬಾರದು.

"ಆಕಿ ಕೈಲಿ ಆಗಲ್ಲಂದ್ರ ಹುಡುಗೀನ ಕಳಸು," ಎಂದು ಧಣಿ ನನ್ನ ಕಡೆ ಗದ್ದ ತಿರುಗಿಸಿದ.

ಅವ್ವ ಗೋಡೆ ಹಿಡಿದು ಹೊರಗೆ ಬಂದಳು. "ಬಂದೇನ್ರಿ."

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರನ್ನು ನಾನೇ ಕೇಳಿದ್ದೆ, ವ್ಯಾಯಾಮ ಏನಾದರೂ ಮಾಡಬೇಕೇ ಎಂದು. ಆತ ನಕ್ಕು ತೆಲುಗಿನಲ್ಲಿ ಅಂದಿದ್ದ. "ಮೀಕು ಎಕ್ಸರ್‌ಸೈಜ್ ಎಂದುಕಮ್ಮಾ? ಕೂಲಿ ಪನೇ ಎಕ್ಸರ್‌ಸೈಜ್ ಕದಾ." ಕೂಲಿ ಕೆಲಸವೇ ನಿಮಗೆ ವ್ಯಾಯಾಮ. ಈಗ ತಿಪ್ಪೆಯ ದಾರಿಯುದ್ದಕ್ಕೂ ಅವ್ವ ಆ ಮಾತನ್ನು ಔಷಧಿಯಂತೆ ಬಾಯಲ್ಲಿಟ್ಟುಕೊಂಡು ನಡೆದಳು.

ತಿಪ್ಪೆಯ ಸಂದಿಯೊಳಗೆ ಟ್ರ್ಯಾಕ್ಟರ್ ಬರುವುದಿಲ್ಲ. ಗೊಬ್ಬರವನ್ನು ಗುಂಡಿಯಿಂದ ಹೊತ್ತು, ರಸ್ತೆಯಲ್ಲಿ ನಿಂತ ಟ್ರೇಲರಿಗೆ ಹಲಗೆ ಹತ್ತಿ ಸುರಿಯಬೇಕು. ನಾನು ಸಲಿಕೆಯಿಂದ ತುಂಬಬಹುದು, ಎತ್ತಿ ಅವ್ವನ ತಲೆಗೆ ಇಡಬಹುದು, ನನ್ನ ತಲೆಗೆ ಇಟ್ಟುಕೊಳ್ಳುವಂತಿಲ್ಲ. ಹೆತ್ತವಳಿಗೆ ನನ್ನ ಕೈಯಾರೆ ಹೊರಿಸಿದೆ. ಅರ್ಧ ಪುಟ್ಟಿ ತುಂಬಿದರೆ ಕಟ್ಟೆಯ ಮೇಲಿಂದ ಧಣಿಯ ದನಿ: "ಅರಿಶಿನ ಕುಂಕುಮ ಹಂಚಾಕ ಹೊಂಟೀರೇನು? ತುಂಬಲೇ!"

ಮಾಳಿಗೆಯ ಮೇಲೆ ಧಣಿಯ ಹೆಂಡತಿ ಶ್ರೀಲತಾ ಬಿಳಿ ಬೂಟು ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದಳು. ಹೋದ ವರ್ಷ ಅವಳಿಗೂ ಬಳ್ಳಾರಿಯಲ್ಲಿ ಇದೇ ಆಪರೇಷನ್ ಆಗಿತ್ತು.

"ಸುಂಕಮ್ಮಾ, ಹೆಂಗದೀ?"

"ಆರಾಮದೀನಿ ಅವ್ವಾರ."

"ಆರಾಮಂತ ಸುಮ್ನ ಕುಂದ್ರಬ್ಯಾಡ. ದಿನಾ ವಾಕಿಂಗ್ ಮಾಡು. ಕೆಳಗ ಬಿಗಿ ಹಿಡದು ಬಿಡಬೇಕು, ಹಿಡದು ಬಿಡಬೇಕು. ಭಾರ ಮಾತ್ರ ಎತ್ತಬ್ಯಾಡ ನೋಡು. ನಂಗ ಕೊಡಾನೂ ಮುಟ್ಟಬ್ಯಾಡ ಅಂದಿದ್ರು."

"ಆಗ್ಲಿ ಅವ್ವಾರ," ಎಂದಳು ಅವ್ವ, ತಲೆಯ ಮೇಲಿನ ಪುಟ್ಟಿ ಅಲುಗದಂತೆ.

ಹಲಗೆ ಹತ್ತುವಾಗ ನನ್ನ ಕಡೆ ತಿರುಗಿ ನಕ್ಕಳು. "ಹಿಡದು ಬಿಡಬೇಕಂತ. ಮನಿ ಖಾಲಿ ಮಾಡಿ ಬಾಗ್ಲ ಹಾಕಿ ತಗದ್ರ ಏನ್ ಬಂತಲೇ?"

ಅದೇ ಕೊನೆಯ ನಗು. ದಿನದಿನಕ್ಕೆ ಗುಂಡಿಯ ಗೊಬ್ಬರ ಇಳಿದಂತೆಲ್ಲ ಅವಳ ನಡಿಗೆ ಕೆಟ್ಟಿತು. ಕಾಲು ಅಗಲಿಸಿ ಇಡುತ್ತಿದ್ದಳು. ನೀರು ಹೊಯ್ದುಕೊಳ್ಳುವಾಗ ನನ್ನನ್ನು ಕರೆದಳು. "ರಮ್ಯಾ, ಏನೋ ಜಾರಿ ಬಂದು ಕುಂತೈತಿ. ಕೋಳಿತತ್ತಿ ಇದ್ದಂಗ." ಅಜ್ಜಿ ಸೀರೆಯನ್ನು ಇನ್ನೂ ಬಿಗಿದಳು. ಬಿಗಿದಷ್ಟೂ ಅದು ಕೆಳಗೇ ಬಂತು. ಬಿಚ್ಚು ಎಂದು ನಾನು ಜಗಳವಾಡಿದರೆ, "ನೀನು ಹಡದೀಯೇನು?" ಎಂದು ನನ್ನ ಬಾಯಿ ಮುಚ್ಚಿಸಿದಳು.

"ನಾ ಹೊರ್ತೀನಿ ಬಿಡಬೇ," ಎಂದೆ ಅವ್ವನಿಗೆ.

ಕಪಾಳಕ್ಕೆ ಬಿತ್ತು. "ತಲಿಗಿಟ್ಕಂಡು ನೋಡು, ಕಡದು ಹಾಕ್ತೀನಿ."

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆಯ ಇಳಿಹೊತ್ತು, ಗುಂಡಿಯ ತಳ ಕಂಡಿತು. ಅವ್ವ ಕೊನೆಯ ಪುಟ್ಟಿ ಸುರಿದು ಬಂದವಳು ಮನೆಯ ಕಡೆ ಹೋಗಲಿಲ್ಲ. ಬರಿದಾದ ಗುಂಡಿಗೆ ಇಳಿದು, ಕುಕ್ಕರಿಸಿ, ಮೊಣಕಾಲ ನಡುವೆ ತಲೆ ಇಟ್ಟಳು. ಹಿಮ್ಮಡಿಯ ಹತ್ತಿರ ಕಪ್ಪು ನೆಲ ಕೆಂಪಾಗುತ್ತಿತ್ತು. ನನಗೆ ಅದೊಂದೇ ಕಾಣುತ್ತಿತ್ತು.

ಧಣಿ ಅಂಚಿಗೆ ಬಂದು ಬಗ್ಗಿ ನೋಡಿದ. "ಆತಲ್ಲ, ಏಳು. ಹಬ್ಬದಾಗ ಗುಂಡಿ ಬಾಯಿ ತಕ್ಕಂಡು ಇರಬಾರ್ದು. ಮಾರುತೀ, ಆ ಹೊಸ ಸಗಣಿ ಪುಟ್ಟಿ ಹುಡುಗಿಗೆ ಹೊರಸು."

"ನಾ ಏಳಂಗಿಲ್ಲ," ಎಂದಳು ಅವ್ವ, ತಲೆ ಎತ್ತದೆ.

"ಏಳಲೇ ಬೋಸುಡಿ!"

"ಏಳಂಗಿಲ್ಲ. ಸುರಿಯೋದಿದ್ರ ನನ್ನ ಮ್ಯಾಲ ಸುರೀರಿ. ಮಾತು ಕೊಟ್ಟಿದ್ದು ನಾನು, ಮುಗ್ಸಿದ್ದೂ ನಾನು. ನನ್ನ ಮಗಳು ನಿಮಗ ಯಾವ ಮಾತೂ ಕೊಟ್ಟಿಲ್ಲ. ನಿಮ್ಮ ತಿಪ್ಪಿ ಮುಟ್ಟಂಗಿಲ್ಲ ಆಕಿ."

ಧಣಿಯ ಆಳು ಮಾರುತಿ ನೆಲ ನೋಡುತ್ತಾ, ಖಾಲಿ ಕೈಯಲ್ಲಿ ನನ್ನ ಪಕ್ಕದಿಂದ ಹಿಂದೆ ಸರಿದ. ನನ್ನ ಹಣೆಯ ಮೇಲೆ ಬೆಚ್ಚಗಿನದೇನೋ ಇಳಿಯಿತು.

ಆಗ ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಪುಟ್ಟಿ ಆಗಲೇ ನನ್ನ ತಲೆಯ ಮೇಲಿತ್ತು.